ಮಗಳ ಕೋಲು

ಆ ಶೆಡ್ಡಿಗೆ ಬಸ್ಸು ಬಸ್ಸಾಗಿ ಬರುವುದಿಲ್ಲ, ಬರೀ ಮೂಳೆಗೂಡಾಗಿ ಬರುತ್ತದೆ. ಚಕ್ರಗಳು, ಎಂಜಿನ್ನು, ಎರಡು ಉದ್ದನೆಯ ಕಬ್ಬಿಣದ ತೊಲೆ, ಅಷ್ಟೇ. ಸೂರಿಲ್ಲ, ಗೋಡೆಯಿಲ್ಲ, ಮುಂದೆ ಗಾಜಿಲ್ಲ. ತಲೆಗೆ ಟವೆಲ್ಲು ಸುತ್ತಿಕೊಂಡ ಡ್ರೈವರೊಬ್ಬ ತೊಲೆಗೆ ಬಿಗಿದ ಮರದ ಪೆಟ್ಟಿಗೆಯ ಮೇಲೆ ಕೂತು, ದಾರಿಯ ಧೂಳನ್ನೆಲ್ಲ ತಿನ್ನುತ್ತ ಅದನ್ನು ಓಡಿಸಿಕೊಂಡು ಬರುತ್ತಾನೆ. ಅದಕ್ಕೆ ಚಾಸಿ ಎಂದು ಹೆಸರು. ಚಾಸಿಗೆ ಮೈ ಕಟ್ಟಿ, ತಲೆಯ ಮೇಲೊಂದು ಸೂರು ಹೊದಿಸಿ, ಬಾಗಿಲು ಕಿಟಕಿ ಇಟ್ಟು, ಸೀಟು ಕೂರಿಸಿ, ಬಣ್ಣ ಬಳಿದು ಕಳಿಸುವುದು ಶೆಡ್ಡಿನವರ ಕೆಲಸ. ಮನೆ ಕಟ್ಟುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಈ ಮನೆ ಬೆಳಿಗ್ಗೆ ಎದ್ದು ಊರು ಸುತ್ತಲು ಹೊರಡುತ್ತದೆ, ಒಳಗಿರುವವರೆಲ್ಲ ಒಟ್ಟಿಗೇ ಕಿರುಚುತ್ತಾರೆ, ಅಷ್ಟೇ.

ಕಿರುಚುತ್ತಾರೆ ಎಂದದ್ದು ಸುಮ್ಮನೆ ಅಲ್ಲ. ಈ ಶೆಡ್ಡಿನಲ್ಲಿ ಕಟ್ಟುವುದು ಶಾಲೆಯ ಬಸ್ಸುಗಳನ್ನು ಮಾತ್ರ. ಅಲ್ಲಿನ ಎಲ್ಲರಿಗಿಂತ ಹಿರಿಯ ಕೆಲಸಗಾರನ ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ. ಊರಿಗೆಲ್ಲ ಅವನು ಮಂಡಿಮೇಸ್ತ್ರಿ. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ.

ಆ ಹೆಸರು ಬಂದದ್ದು ಅವನ ಒಂದು ಅಭ್ಯಾಸದಿಂದ. ಬಸ್ಸಿಗೆ ಮೈ ಕಟ್ಟಿ ಮುಗಿದ ಮೇಲೆ, ಬಣ್ಣಕ್ಕೆ ಕಳಿಸುವ ಮುಂಚೆ, ಅವನು ಎರಡು ತುಂಡು ಗೋಣಿತಟ್ಟನ್ನು ಮಂಡಿಗೆ ಕಟ್ಟಿಕೊಂಡು ಬಾಗಿಲಿನಿಂದ ಕಟ್ಟಕಡೆಯ ಸೀಟಿನವರೆಗೆ ಮಂಡಿಯ ಮೇಲೇ ನಡೆಯುತ್ತಾನೆ. ಕೈಯಲ್ಲಿ ಒಂದು ಹಿಡಿ ಹತ್ತಿನೂಲಿನ ಚಿಂದಿ. ಅದನ್ನು ಸೀಟಿನ ಕೆಳಗೆ, ಕಿಟಕಿಯ ಅಂಚಿಗೆ, ಕಂಬಿಯ ಬೆಸುಗೆಗೆ, ಮಕ್ಕಳ ಬೆರಳು ಎಲ್ಲೆಲ್ಲಿ ಹೋಗಬಾರದೋ ಅಲ್ಲಿಗೆಲ್ಲ ಸವರುತ್ತಾನೆ. ಚಿಂದಿಯ ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಅಲ್ಲಿ ಸೀಮೆಸುಣ್ಣದ ಸೊನ್ನೆ ಬಿತ್ತೆಂದೇ ಲೆಕ್ಕ. ಸೊನ್ನೆ ಬಿದ್ದ ಜಾಗವನ್ನೆಲ್ಲ ಉಜ್ಜಿ ನುಣ್ಣಗೆ ಮಾಡುವವರೆಗೆ ಬಸ್ಸು ಅಲುಗುವಂತಿಲ್ಲ.

"ಮೊಸರಲ್ಲಿ ಕಲ್ಲು ಹುಡುಕ್ತಾರಪ್ಪಾ ಇವ್ರು," ಎಂದು ಬೆಸುಗೆಯವರು ಗೊಣಗುತ್ತಾರೆ. ಗೊಣಗಿದರೂ ಉಜ್ಜುತ್ತಾರೆ, ಯಾಕೆಂದರೆ ಅವರ ಮಕ್ಕಳೂ ಇಂಥದೇ ಬಸ್ಸುಗಳಲ್ಲಿ ಹೋಗುವವರು.

ಎಲ್ಲ ಸರಿಯಾಯಿತೆಂದು ಮನಸ್ಸಿಗೆ ಬಂದಾಗ ಅವನು ಬಾಗಿಲಿನ ಒಳಮೈಯ ಮೂಲೆಯಲ್ಲಿ ಮೊಳೆಯ ತುದಿಯಿಂದ ಒಂದು ಸರಿ ಗುರುತು ಗೀರುತ್ತಾನೆ. ಮಾರನೆಯ ದಿನ ಅದರ ಮೇಲೆ ಬಣ್ಣ ಕೂರುತ್ತದೆ. ರಸ್ತೆಯಲ್ಲಿ ಹಳದಿ ಬಸ್ಸೊಂದು ಹಾದುಹೋದರೆ ಅವನು ಅದರ ಬಾಗಿಲನ್ನು ನೋಡಿ ಒಳಗೊಳಗೇ ಖುಷಿಪಡುತ್ತಾನೆ. ಅಲ್ಲಿ ಬಣ್ಣದ ಕೆಳಗೆ ಏನಿದೆಯೆಂದು ಒಳಗೆ ಕೂತ ಮಕ್ಕಳಿಗೂ ಗೊತ್ತಿಲ್ಲ, ಡ್ರೈವರನಿಗೂ ಗೊತ್ತಿಲ್ಲ.

ಇಂಥವನಿಗೆ ಈ ವರ್ಷ ಮಂಡಿಯೇ ಕೈಕೊಟ್ಟಿತ್ತು. ಕೂತರೆ ಏಳಲು ಗೋಡೆ ಬೇಕು, ಎದ್ದರೆ ಕೂರಲು ಇನ್ನೊಬ್ಬರ ಹೆಗಲು ಬೇಕು. ಮಂಡಿಯೂರುವುದಂತೂ ಆಗದ ಮಾತು. ವೈದ್ಯರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಇದನ್ನ ಚೆನ್ನಾಗಿ ದುಡಿಸಿಕೊಂಡಿದ್ದೀರಿ, ಇನ್ನು ಬಿಟ್ಟುಬಿಡಿ," ಎಂದಿದ್ದರು. ಶೆಡ್ಡಿನಲ್ಲಿ ಅವನು ಈ ವಿಷಯದ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ. ಕೆಲವು ತಿಂಗಳಿಂದ ಹಳೇ ಬಸ್ಸುಗಳ ರಿಪೇರಿಯೇ ಬರುತ್ತಿದ್ದುದರಿಂದ ಮಂಡಿಯೂರುವ ಪ್ರಸಂಗವೂ ಬಂದಿರಲಿಲ್ಲ. ಈಗ ಬಂದಿತ್ತು. ಹೊಸ ಮಾದರಿಯ ಒಂದು ಪುಟ್ಟ ಬಸ್ಸು ಮೈ ಕಟ್ಟಿಸಿಕೊಂಡು ಶೆಡ್ಡಿನ ನಡುವೆ ನಿಂತಿತ್ತು, ಸೋಮವಾರ ಅವನ ಪರೀಕ್ಷೆಗೆ ಕಾದು. ಅದು ಹೋಗಬೇಕಾಗಿದ್ದ ಶಾಲೆಗೇ ಮೇಸ್ತ್ರಿಯ ಮೊಮ್ಮಗಳು ಈ ವರ್ಷ ಸೇರಿದ್ದಳು.

ಮೂರೂವರೆ ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಪಟಾಕಿ ಎಂದು ಕರೆಯುತ್ತಿದ್ದರು, ಬಾಯಿ ಒಂದು ಗಳಿಗೆ ಸುಮ್ಮನಿರದು ಎಂಬ ಕಾರಣಕ್ಕೆ. ಅವಳು ಜೀವನದಲ್ಲಿ ಮೊದಲ ಸಲ ಒಬ್ಬಳೇ ಹತ್ತುವ ಬಸ್ಸಿಗೆ ಸರಿ ಗುರುತು ಬೇರೆ ಯಾರೋ ಹಾಕುವುದು ಮೇಸ್ತ್ರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಮಂಡಿಯೂರಿ ನೋಡದೆ ತಾನೇ ಗುರುತು ಹಾಕುವುದಕ್ಕೆ ಕೈ ಬರುತ್ತಿರಲಿಲ್ಲ. ನನ್ನಿಂದ ಆಗುವುದಿಲ್ಲ ಎಂದು ಬಾಯಿ ಬಿಟ್ಟರೆ ಯಜಮಾನರು ಬೆನ್ನು ತಟ್ಟಿ, ಶಾಲು ಹೊದಿಸಿ, ಮನೆಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ.

"ನಾನೇ ಹೋಗಿ ಯಜಮಾನರ ಹತ್ರ ಹೇಳಿಬಿಡ್ಲಾ?" ಎಂದಳು ಹೆಂಡತಿ, ಅವನ ಮಂಡಿಗೆ ಬಿಸಿನೀರಿನ ಚೀಲ ಒತ್ತುತ್ತ.

"ಹೇಳು. ಆಮೇಲೆ ನಾನು ದಿನವಿಡೀ ಮನೇಲಿ ಕೂತು ನಿನ್ನ ಅಡುಗೆಮನೆ ಡಬ್ಬಗಳನ್ನೆಲ್ಲ ಸವರಿ ಸವರಿ ಸೊನ್ನೆ ಹಾಕ್ತೀನಿ."

"ಅಯ್ಯೋ, ಬೇಡಪ್ಪ," ಎಂದು ಅವಳು ಚೀಲವನ್ನು ಇನ್ನೊಂದು ಮಂಡಿಗೆ ಬದಲಿಸಿದಳು.

ಆಕೆಗೂ ಶೆಡ್ಡು ಹೊಸದೇನಲ್ಲ. ಮದುವೆಗೆ ಮುಂಚೆ ಅಲ್ಲಿಯೇ ಸೀಟಿನ ಹೊದಿಕೆ ಹೊಲಿಯುತ್ತಿದ್ದವಳು. ಮೇಸ್ತ್ರಿ ಆಗಿನ್ನೂ ಮೇಸ್ತ್ರಿಯಲ್ಲ, ತಗಡಿಗೆ ಮೊಳೆ ಹೊಡೆಯುವ ತೆಳ್ಳನೆಯ ಆಳು. ಆ ಕಾಲದ ಬಸ್ಸುಗಳನ್ನು ನೆನೆಸಿಕೊಂಡರೆ ಇಬ್ಬರಿಗೂ ಈಗ ನಗು. ಲಾರಿಯ ಹಾಗೆ ಮುಂದಕ್ಕೆ ಚಾಚಿದ ಉದ್ದ ಮೂಗು. ಮರದ ಚೌಕಟ್ಟಿಗೆ ತಗಡು ಬಡಿದರೆ ಅದೇ ಮೈ. ಒಳಗೆ ಎರಡು ಗೋಡೆಗೂ ಅಂಟಿದಂತೆ ಉದ್ದಕ್ಕೆ ಮರದ ಬೆಂಚು. ಮಕ್ಕಳು ಎದುರುಬದುರಾಗಿ ಕೂತು, ತಿರುವು ಬಂದಾಗಲೆಲ್ಲ ಒಬ್ಬರ ಮೇಲೊಬ್ಬರು ಜಾರಿ, ಕೊನೆಯಲ್ಲಿ ಕೂತವರು ಅಪ್ಪಚ್ಚಿ. ಕಿಟಕಿಗೆ ಗಾಜಿಲ್ಲ, ಸುರುಳಿ ಸುತ್ತಿ ಕಟ್ಟಿದ ಕ್ಯಾನ್ವಾಸ್ ಪರದೆ. ಬಾಗಿಲು ಹಿಂದೆ. ಬಾಗಿಲೆಂದರೆ ಬರೀ ಬಾಯಿ, ಅದಕ್ಕೆ ಕದವಿರಲಿಲ್ಲ. ಬಣ್ಣವೋ, ಯಾವ ಶಾಲೆಗೆ ಯಾವುದು ಇಷ್ಟವೋ ಅದು. ಉಳಿದ ಬಣ್ಣವನ್ನೆಲ್ಲ ಕಲಸಿ ಬಳಿದ ಒಂದು ಬಸ್ಸಿಗಂತೂ ಮಕ್ಕಳು ಬದನೆಕಾಯಿ ಎಂದೇ ಹೆಸರಿಟ್ಟಿದ್ದರು.

ಆಮೇಲೆ ಮೂಗು ಹೋಯಿತು. ಎಂಜಿನ್ನು ಒಳಗೆ ಬಂದು ಡ್ರೈವರನ ಪಕ್ಕದಲ್ಲಿ ಕೂತಿತು, ಬಸ್ಸಿನ ಮುಖ ಚಪ್ಪಟೆಯಾಯಿತು. ಎಂಜಿನ್ನಿನ ಮುಚ್ಚಳ ಬೆಚ್ಚಗಿರುತ್ತಿದ್ದುದರಿಂದ ಚಳಿಯಲ್ಲಿ ಅದರ ಮೇಲೆ ಕೂರಲು ಮಕ್ಕಳಲ್ಲಿ ಜಗಳ, ಬೇಸಿಗೆಯಲ್ಲಿ ಹತ್ತಿರ ಹೋದವರೇ ಇಲ್ಲ. ಮರದ ಬದಲು ಕಬ್ಬಿಣದ ಚೌಕಟ್ಟು, ಕ್ಯಾನ್ವಾಸಿನ ಬದಲು ಜಾರುಗಾಜು. ಬೆಂಚುಗಳು ಹೋಗಿ ಮುಂದಕ್ಕೆ ಮುಖಮಾಡಿದ ಸೀಟುಗಳು ಬಂದವು, ಆದರೆ ಅವುಗಳ ಬೆನ್ನಿಗೆ ಬರೀ ಕಬ್ಬಿಣದ ಕೊಳವೆ. ಬ್ರೇಕು ಹಾಕಿದರೆ ಹಿಂದಿನ ಸೀಟಿನವರ ಹಲ್ಲು ಮುಂದಿನ ಸೀಟಿನ ಕೊಳವೆಗೆ ಟಕ್ಕೆಂದು ಹೊಡೆಯುವುದು. ಆ ಕೊಳವೆಗೆ ತೆಂಗಿನ ನಾರು ಸುತ್ತಿ ಮೇಲೆ ರೆಕ್ಸಿನ್ ಹೊಲಿಯಬಹುದಲ್ಲ ಎಂದು ಮೊದಲು ಕೇಳಿದವನು ಮೇಸ್ತ್ರಿ. ಹೊಲಿದುಕೊಟ್ಟವಳು ಆಕೆ. ಹೊಲಿಗೆ ಸರಿಯಾಗಿದೆಯೋ ಇಲ್ಲವೋ ನೋಡುವ ನೆಪದಲ್ಲಿ ಅವನು ದಿನಕ್ಕೆ ಎಷ್ಟು ಸಲ ಹೊಲಿಗೆಯ ಕೋಣೆಗೆ ಹೋಗುತ್ತಿದ್ದನೆಂದರೆ, ಕೊನೆಗೆ ಯಜಮಾನರೇ, "ಒಂದೋ ಹೊಲಿಗೆ ಕಲಿ, ಇಲ್ಲ ಮದುವೆಯಾಗು," ಎಂದುಬಿಟ್ಟರು.

ಅವರಿಗೆ ಒಬ್ಬಳೇ ಮಗಳು. ಆರು ತುಂಬಿದಾಗ ಅವಳು ಬಸ್ಸಿನಲ್ಲಿ ಶಾಲೆಗೆ ಹೊರಟಳು. ಆ ಬಸ್ಸು ಅಪ್ಪ ಕಟ್ಟಿದ್ದು. ಗೆಳತಿಯರಿಗೆಲ್ಲ ಅದನ್ನು ಹೇಳಿಕೊಂಡು ಹೆಮ್ಮೆಯಿಂದ ಹೋದವಳು ಸಂಜೆ ಮೊಣಕೈ ಕೆತ್ತಿಸಿಕೊಂಡು, ಫ್ರಾಕಿನ ಅಂಚು ಹರಿದುಕೊಂಡು ಬಂದಳು. ಮೊಣಕೈ ಕೆತ್ತಿದ್ದು ಹತ್ತುವಾಗ ಜಾರಿ. ಫ್ರಾಕು ಹರಿದದ್ದು ಸೀಟಿನ ಕೆಳಗಿದ್ದ ಮೊಳೆಯ ಬಾಲಕ್ಕೆ ಸಿಕ್ಕಿ.

"ಹಿಡ್ಕೊಳ್ಳೋದು ಎಲ್ಲಿಟ್ಟಿದ್ದೀಯಪ್ಪಾ? ಆಕಾಶದಲ್ಲಾ?" ಎಂದು ಕೇಳಿದಳು ಅಳುತ್ತ.

ಬಾಗಿಲ ಪಕ್ಕದ ಹಿಡಿಯನ್ನು ಮೇಸ್ತ್ರಿ ತನ್ನ ಎದೆಮಟ್ಟಕ್ಕೆ ಇಟ್ಟಿದ್ದ. ಅಲ್ಲಿಯವರೆಗೆ ಎಲ್ಲರೂ ಹಾಗೆಯೇ ಇಡುತ್ತಿದ್ದರು, ಕಟ್ಟುವವರೆಲ್ಲ ದೊಡ್ಡವರಲ್ಲವೇ. ಅಂದೇ ಅವನು ಮಗಳನ್ನು ಅಡುಗೆಮನೆಯ ಬಾಗಿಲಿಗೆ ಒರಗಿಸಿ ನಿಲ್ಲಿಸಿ, ಅವಳ ಹೆಗಲಿನ ಎತ್ತರಕ್ಕೆ ಸರಿಯಾಗಿ ಒಂದು ಕೋಲು ಕತ್ತರಿಸಿದ. ಮಾರನೆಯ ದಿನ ಅದನ್ನು ಶೆಡ್ಡಿನ ಗೋಡೆಗೆ ತೂಗುಹಾಕಿ, ಇನ್ನು ಮುಂದೆ ಬಾಗಿಲ ಹಿಡಿಯ ಕೆಳತುದಿ ನೆಲದಿಂದ ಈ ಕೋಲಿನಷ್ಟೇ ಎತ್ತರದಲ್ಲಿ ಶುರುವಾಗಬೇಕು ಎಂದು ಸಾರಿದ. ಅದಕ್ಕೆ ಮಗಳ ಕೋಲು ಎಂದು ಹೆಸರು ಬಿತ್ತು. ಮಂಡಿಯ ಮೇಲೆ ನಡೆಯುವುದೂ ಅಲ್ಲಿಂದಲೇ ಶುರು. ಮಂಡಿಯೂರಿ ಕೋಲಿನ ಪಕ್ಕ ನಿಂತಾಗ ತನ್ನ ಹೆಗಲು ಕೋಲಿನ ತುದಿಗೆ ಸರಿಸಮ ಬಂದದ್ದನ್ನು ನೋಡಿ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಹೆಂಡತಿಯನ್ನು ಮನೆಗೆಲಸ ಬಿಡಿಸಿ ಶೆಡ್ಡಿಗೆ ಕರೆತಂದು ತೋರಿಸಿದ್ದ.

ವರ್ಷಗಳು ಕಳೆದಂತೆ ಬಸ್ಸು ಬದಲಾಯಿತು, ಕೋಲು ಬದಲಾಗಲಿಲ್ಲ. ಬದನೆಕಾಯಿ ಬಣ್ಣಗಳೆಲ್ಲ ಹೋಗಿ ಹಳದಿಯೊಂದೇ ಉಳಿಯಿತು. ಬಾಗಿಲು ಮುಂದಕ್ಕೆ ಬಂತು, ಅದಕ್ಕೆ ಕದವೂ ಬಂತು. ಕಿಟಕಿಗಳಿಗೆ ಅಡ್ಡಕಂಬಿ ಬಿದ್ದಾಗ, ಕೈ ಹೊರಗೆ ಹಾಕಿ ಟಾಟಾ ಮಾಡಲು ಆಗುವುದಿಲ್ಲವೆಂದು ಮಗಳು ಅಪ್ಪನ ಜೊತೆ ಒಂದಿಡೀ ದಿನ ಮಾತು ಬಿಟ್ಟಿದ್ದಳು. ಹಿಂದುಗಡೆ ತುರ್ತು ಬಾಗಿಲು ಬಂದು, ಕೊನೆಯ ಸಾಲಿನ ತುಂಟರ ಸಾಮ್ರಾಜ್ಯ ಅರ್ಧಕ್ಕರ್ಧ ಮುಗಿಯಿತು. ಮಕ್ಕಳ ಚೀಲಗಳು ವರ್ಷದಿಂದ ವರ್ಷಕ್ಕೆ ಊದುತ್ತ ಹೋದವು. ಚೀಲಕ್ಕೆಂದು ಸೀಟಿನ ಕೆಳಗೆ ಗೂಡು ಕಟ್ಟಬೇಕಾಯಿತು. ಡ್ರೈವರನಿಗೆ ಬಸ್ಸಿನ ಮೂತಿಯ ಕೆಳಗೆ ನಿಂತ ಮಗು ಕಾಣಲೆಂದು ಉಬ್ಬುಗನ್ನಡಿ ಬಂತು. ಈಗೀಗ ಬೆನ್ನು ಎತ್ತರದ ಮೆತ್ತನೆ ಸೀಟು, ಸೀಟಿಗೆ ಬೆಲ್ಟು, ಸೂರಿನಲ್ಲಿ ಕ್ಯಾಮೆರಾ. ಶೆಡ್ಡಿನ ನಡುವೆ ನಿಂತಿದ್ದ ಈ ಹೊಸ ಮಾದರಿಗಂತೂ ಎಂಜಿನ್ನೇ ಇಲ್ಲ, ಕರೆಂಟಿನಲ್ಲಿ ಓಡುವಂಥದು. ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಲ್ಲುವ ಬಸ್ಸನ್ನು ನಂಬುವುದು ಹೇಗೆಂದು ಮೇಸ್ತ್ರಿ ಮೊದಮೊದಲು ಮೂಗು ಮುರಿದಿದ್ದ. ಆಮೇಲೆ ಅದರ ತಗ್ಗಾದ ನೆಲ, ಅಗಲವಾದ ಮೆಟ್ಟಿಲು ನೋಡಿ ಮೆತ್ತಗಾದ.

ಈ ಬಸ್ಸಿನ ನಕ್ಷೆ ಬರೆದವಳನ್ನು ಶೆಡ್ಡಿನವರು ನಕ್ಷೆ ಮೇಡಂ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಗಟ್ಟಿ ಹುಡುಗಿ, ತಪ್ಪಾದರೆ ತಪ್ಪಾಯಿತು ಎನ್ನುವವಳು, ಸರಿಯಿದ್ದರೆ ಸುಮ್ಮನೆ ಬಿಡದವಳು. ಅವಳು ಬಾಗಿಲಿಗೆ ಮೊದಲಿನ ಗೇಣುದ್ದದ ಹಿಡಿಯ ಬದಲು ಮೆಟ್ಟಿಲಿನ ಹತ್ತಿರದಿಂದ ಮೇಲಿನವರೆಗೆ ಹೋಗುವ ಒಂದೇ ಉದ್ದ ಕೊಳವೆ ಬರೆದಿದ್ದಳು. ಮೇಸ್ತ್ರಿ ಗೋಡೆಯಿಂದ ಕೋಲು ಇಳಿಸಿಕೊಂಡು ಬಂದು ನಕ್ಷೆಯ ಪಕ್ಕ ಊರಿ ನಿಂತ.

"ಮೇಡಂ, ಹಿಡಿ ಇಲ್ಲಿಂದ ಶುರುವಾಗ್ಬೇಕು. ಕೆಳಗೆ ಕೊಳವೆ ಇಟ್ರೆ ಮಕ್ಕಳು ಅದಕ್ಕೆ ಜೋತುಬೀಳ್ತಾರೆ."

"ಮೇಸ್ತ್ರಿಗಳೇ, ಇದು ಪುಟ್ಟ ಮಕ್ಕಳ ಬಸ್ಸು. ಅವರಿಗೆ ಈ ಕೋಲು ಎತ್ತರ ಆಗಲ್ವಾ?"

"ಇಷ್ಟು ವರ್ಷದಿಂದ ಆಗದೇ ಇದ್ದದ್ದು ಈಗ ಆಗತ್ತಾ? ಇದು ಮಗೂನ ನಿಲ್ಲಿಸಿ ಅಳತೆ ತಗೊಂಡಿರೋದು."

ಅವಳು ಯಜಮಾನರ ಮುಖ ನೋಡಿದಳು. ಯಜಮಾನರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಪಟ್ಟು ಹಿಡಿದರೆ ಬಿಡುವವನಲ್ಲವೆಂದು ಅವರಿಗೆ ಗೊತ್ತಿತ್ತು, ಅಲ್ಲದೆ ಕೋಲಿನ ಮೇಲೆ ಅವರಿಗೂ ಒಂದು ಅಕ್ಕರೆ. "ಕೋಲಿನ ಪ್ರಕಾರವೇ ಆಗ್ಲಿ ಬಿಡಮ್ಮ," ಎಂದುಬಿಟ್ಟರು. ಹುಡುಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದಳು. ಗೇಣುದ್ದದ ಹಿಡಿಯೇ ಬೆಸುಗೆಯಾಯಿತು.

ಪರೀಕ್ಷೆಗೆ ಮುಂಚಿನ ಭಾನುವಾರ, ಯಾರೂ ಇಲ್ಲದಾಗ ಮಂಡಿಯೂರಿ ನೋಡಿಯೇಬಿಡೋಣವೆಂದು ಮೇಸ್ತ್ರಿ ಶೆಡ್ಡಿಗೆ ಹೊರಟ. ಮಗಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ವಾರದ ಬಟ್ಟೆಯನ್ನೆಲ್ಲ ಭಾನುವಾರವೇ ಒಗೆಯಬೇಕು. ಹಾಗಾಗಿ ಪಟಾಕಿಯನ್ನು ತವರಿನಲ್ಲಿ ಬಿಟ್ಟುಹೋಗಿದ್ದಳು. ತಾತ ಚಪ್ಪಲಿ ಮೆಟ್ಟಿದ್ದೇ ತಡ, ಮೊಮ್ಮಗಳೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಹಾಜರು.

"ಎಲ್ಲಿಗೆ ಹೋಗ್ತಿದ್ದೀರಾ ಅಂತ ನನಗೆ ಗೊತ್ತಿಲ್ಲ, ನಾನು ನೋಡ್ಲೂ ಇಲ್ಲ," ಎಂದಳು ಹೆಂಡತಿ ಒಳಗಿನಿಂದ. "ಬಿದ್ರೆ ಎತ್ತೋಕೆ ಜೊತೆಗೊಂದು ಪಟಾಕಿ ಇರ್ಲಿ, ಕರ್ಕೊಂಡು ಹೋಗಿ."

ಕಾವಲಿನವನು ಗೇಟು ತೆಗೆದುಕೊಟ್ಟು ಮತ್ತೆ ತನ್ನ ರೇಡಿಯೋದ ಪಕ್ಕ ಕೂತ. ಶೆಡ್ಡಿನ ತಗಡು ಸೂರಿನ ಕಿಂಡಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಬಣ್ಣ ಕಾಣದ ಪುಟ್ಟ ಬಸ್ಸು ಬೂದು ಮೈ ಹೊತ್ತು ನಿಂತಿತ್ತು. ಮೇಸ್ತ್ರಿ ಗೋಣಿತಟ್ಟು ಕಟ್ಟಿಕೊಂಡು, ಬಾಗಿಲು ಹಿಡಿದು, ಒಂದು ಮಂಡಿಯನ್ನು ಮೆಲ್ಲಗೆ ಮಡಚಿದ. ಕಣ್ಣಲ್ಲಿ ಬೆಂಕಿ ಹಾರಿದಂತಾಗಿ ಹಾಗೆಯೇ ನೆಟ್ಟಗೆ ನಿಂತುಕೊಂಡ. ಇನ್ನೊಂದು ಸಲ ನೋಡಿದ. ಮೂರನೆಯ ಸಲಕ್ಕೆ ಮನಸ್ಸೇ ಮುಂದಾಗಲಿಲ್ಲ. ಇಷ್ಟು ದಿನ ಒಳಗೆಲ್ಲೋ, ಹೇಗೋ ಆಗಿಬಿಡುತ್ತದೆ ಎಂದು ನಂಬಿಕೊಂಡಿದ್ದವನಿಗೆ ಈಗ ದುಃಖ ಒತ್ತರಿಸಿ ಬಂತು. ಕೂತುಬಿಡೋಣವೆಂದು ಬಾಗಿಲಿಗೆ ಭಾರ ಹಾಕಿ ಮೆಟ್ಟಿಲಿನ ಮೇಲೆ ಕುಂಡೆಯೂರಿ ಕೂತ.

"ತಾತ, ನಾನು ಮೇಲೆ ಹೋಗ್ತೀನಿ," ಎಂದಳು ಪಟಾಕಿ.

"ಹೋಗು ಮಗಾ. ಹಿಡಿ ಹಿಡ್ಕೊಂಡು ಹತ್ತು."

ಅವಳು ಮೆಟ್ಟಿಲ ಬುಡದಲ್ಲಿ ನಿಂತು ಎಡಗಡೆ ನೋಡಿದಳು, ಬಲಗಡೆ ನೋಡಿದಳು. ಕೈ ಬಸ್ಸಿನ ನುಣ್ಣನೆಯ ಗೋಡೆಯ ಮೇಲೆ ಅತ್ತಿತ್ತ ಓಡಾಡಿತು. ಆಮೇಲೆ ತಲೆಯೆತ್ತಿದಳು. ಹಿಡಿಯ ಕೆಳತುದಿ ಅವಳ ನೆತ್ತಿಯ ಮಟ್ಟದಲ್ಲಿತ್ತು. ತುದಿಗಾಲಲ್ಲಿ ನಿಂತು ಚಾಚಿದಾಗ ಬೆರಳುಗಳು ಅದನ್ನು ಸುತ್ತಿದವೇ ಹೊರತು ಅದರ ಬಲದಲ್ಲಿ ಮೈ ಮೇಲೆತ್ತಲಾಗಲಿಲ್ಲ.

"ತಾತ, ಹಿಡ್ಕೊಳ್ಳೋದು ಅಷ್ಟು ಮೇಲೆ ಯಾಕಿದೆ?"

ಈ ಪ್ರಶ್ನೆಯನ್ನು ಮೇಸ್ತ್ರಿ ಮೊದಲೊಮ್ಮೆ ಕೇಳಿದ್ದ, ಇದೇ ಮೂಗು ಇದೇ ಗಲ್ಲದ ಇನ್ನೊಂದು ಹುಡುಗಿಯಿಂದ. ಪಟಾಕಿ ಉತ್ತರಕ್ಕೆ ಕಾಯಲಿಲ್ಲ. ಎರಡೂ ಕೈಯನ್ನು ಮೆಟ್ಟಿಲಿಗೆ ಊರಿ, ಅಂಬೆಗಾಲಿಟ್ಟು ಹತ್ತಿ, ಕಬ್ಬಿಣದ ಪುಡಿ ಮೆತ್ತಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಓಡಿದಳು.

ಅವನು ಕೂತಲ್ಲಿಯೇ ಯೋಚಿಸಿದ. ಮಗಳು ಶಾಲೆಗೆ ಸೇರಿದ್ದು ಆರು ತುಂಬಿ. ಆಗ ಎಲ್ಲರೂ ಹಾಗೆಯೇ. ಆಮೇಲೆ ಐದಾಯಿತು, ನಾಲ್ಕಾಯಿತು, ಈಗ ಮೂರೂವರೆ. ಬಸ್ಸಿನ ಬಣ್ಣ, ಬಾಗಿಲು, ಸೀಟು ಎಲ್ಲವೂ ಬದಲಾದದ್ದನ್ನು ಕಂಡ ಅವನ ಕಣ್ಣಿಗೆ, ಅದನ್ನು ಹತ್ತುವ ಮಗು ಚಿಕ್ಕದಾಗುತ್ತ ಬಂದದ್ದು ಕಂಡೇ ಇರಲಿಲ್ಲ. ಪುಟ್ಟವರನ್ನು ಆಯಾ ಎತ್ತಿ ಒಳಗೆ ಬಿಡುತ್ತಿದ್ದಳು, ಹಾಗಾಗಿ ಯಾರೂ ದೂರಿರಲಿಲ್ಲ. ಮಂಡಿಯೂರಿದಾಗಲೂ ಅವನಿದ್ದದ್ದು ಆರು ವರ್ಷದವಳ ಎತ್ತರದಲ್ಲೇ. ನಕ್ಷೆಯ ಹುಡುಗಿ ಸರಿಯಾಗಿಯೇ ಹೇಳಿದ್ದಳು. ಅವಳ ಮಾತಿಗೆ ಕೋಲು ಅಡ್ಡ ಹಿಡಿದದ್ದು ನೆನಪಾಗಿ ಮೇಸ್ತ್ರಿಗೆ ನಾಚಿಕೆಯಾಯಿತು.

"ತಾತಾ, ಬಾ! ಇಲ್ಲಿ ಸೀಟಿನ ಕೆಳಗೆ ಗೂಡಿದೆ!" ಒಳಗಿನಿಂದ ಕೂಗು ಬಂತು.

ಏಳುವುದೆಂದರೆ ದೊಡ್ಡ ಕೆಲಸ. ಅವನು ಏಳಲಿಲ್ಲ. ಕೂತಲ್ಲಿಂದಲೇ ಅಂಗೈ ಊರಿ, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಮೇಲೇರಿ, ನೆಲದ ಮೇಲೆ ಕುಂಡೆಯಲ್ಲೇ ತೆವಳುತ್ತ ಒಳಗೆ ಹೋದ. ಮೊಮ್ಮಗಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೇ? ಅವಳು ಬಂದು ಪಕ್ಕದಲ್ಲಿ ನಿಂತಳು. ಮೇಸ್ತ್ರಿ ತಲೆ ಹೊರಳಿಸಿ ನೋಡಿದರೆ, ಅವಳ ಕಣ್ಣು ಅವನ ಕಣ್ಣಿನ ನೇರಕ್ಕೇ ಇತ್ತು. ಕೂತ ತಾತನೂ ನಿಂತ ಮೊಮ್ಮಗಳೂ ಒಂದೇ ಎತ್ತರ.

ಆಗ ಅವನು ನಕ್ಕ. ಖಾಲಿ ಬಸ್ಸಿನಲ್ಲಿ ಆ ನಗು ಎಷ್ಟು ಜೋರಾಗಿ ಕೇಳಿಸಿತೆಂದರೆ ಕಾವಲಿನವನು ರೇಡಿಯೋ ಸಣ್ಣ ಮಾಡಿದ. ಮೇಸ್ತ್ರಿ ಜೇಬಿನಿಂದ ಹತ್ತಿನೂಲಿನ ಚಿಂದಿ ತೆಗೆದು ಅರ್ಧ ಅವಳಿಗೆ ಕೊಟ್ಟ. ಇಬ್ಬರೂ ಒಂದೊಂದು ಸಾಲು ಹಿಡಿದು ಸವರುತ್ತ ಹೋದರು. ಸೀಟಿನ ಬೆಲ್ಟನ್ನು ಬಿಗಿದ ಬೋಲ್ಟುಗಳ ತುದಿಗಳು ಪಕ್ಕಕ್ಕೆ ಚಾಚಿಕೊಂಡಿದ್ದವು, ಸರಿಯಾಗಿ ಅವಳ ಕೆನ್ನೆಯ ಎತ್ತರಕ್ಕೆ. ನಿಂತು ನೋಡಿದರೂ ಮಂಡಿಯೂರಿ ನೋಡಿದರೂ ಅವು ಸೀಟಿನ ಮರೆಯಲ್ಲಿ ಉಳಿದುಬಿಡುವಂಥವು. ಕೂತವನಿಗೆ ಒಂದೊಂದೂ ಎದುರಿಗೇ ಕಂಡಿತು. ಸೊನ್ನೆ ಹಾಕುವ ಕೆಲಸವನ್ನು ಪಟಾಕಿ ವಹಿಸಿಕೊಂಡು, ಬೇಕಾದಲ್ಲೂ ಬೇಡವಾದಲ್ಲೂ ಹಾಕಿದಳು.

ಸೋಮವಾರ ಬೆಳಿಗ್ಗೆ ಅವನು ನೇರ ಯಜಮಾನರ ಕೋಣೆಗೆ ಹೋದ. ನಕ್ಷೆ ಮೇಡಂ ಕೂಡ ಅಲ್ಲಿಯೇ ಇದ್ದಳು. ಅವನು ಸುತ್ತಿ ಬಳಸಿ ಮಾತಾಡುವವನಲ್ಲ.

"ಮೇಡಂ, ನಿಮ್ಮ ಉದ್ದ ಕೊಳವೇನೇ ಸರಿ. ನಂದು ತಪ್ಪಾಯ್ತು. ಹಳೇದನ್ನ ಕೊಯ್ದು ನಿಮ್ದು ಹಾಕಿಸ್ತೀನಿ. ಯಜಮಾನ್ರೇ, ಇನ್ನೊಂದು ವಿಷ್ಯ. ನನ್ನ ಮಂಡಿ ಹೋಗಿದೆ. ಇನ್ನು ಮೇಲೆ ಊರೋಕಾಗಲ್ಲ."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ? ಟೀ ಅಂಗಡಿ ಬೆಂಚಿಂದ ನೀನು ಏಳೋದನ್ನ ದಿನಾ ನೋಡ್ತಿದ್ದೀನಿ. ನೋಡೋಕಾಗದೆ ನಾನೇ ಟೀ ಕುಡಿಯೋದು ಬಿಡೋಣ ಅಂದ್ಕೊಂಡಿದ್ದೆ. ಈಗ ಬಸ್ಸು ನೋಡೋರು ಯಾರು?"

"ನಾನೇ. ಕೂತ್ಕೊಂಡು," ಎಂದ ಮೇಸ್ತ್ರಿ. ಮಂಡಿಗಿಂತ ಕುಂಡೆಯೇ ವಾಸಿ, ಬೆಲ್ಟಿನ ಬೋಲ್ಟುಗಳು ಕಣ್ಣಿಗೆ ಬಿದ್ದದ್ದೂ ಹಾಗೆಯೇ, ಪುಟ್ಟವರ ಲೋಕ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂದು ಅವನು ವಿವರಿಸುವಷ್ಟರಲ್ಲಿ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗತೊಡಗಿದ್ದರು. ಶಾಲಿನ ಮಾತೇ ಬರಲಿಲ್ಲ.

ನಕ್ಷೆ ಮೇಡಂ ನಗಲಿಲ್ಲ. "ಬೆಲ್ಟಿನ ಬೋಲ್ಟು ನನ್ನ ತಲೆಗೆ ಹೊಳೀಲೇ ಇಲ್ಲ. ನಾನೂ ಕೂತು ನೋಡ್ತೀನಿ, ಜಾಗ ಬಿಡಿ," ಎಂದು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಬಸ್ಸಿನೊಳಗೆ ಅವನ ಹಿಂದೆ ತೆವಳಿದಳು. ಹೊರಗೆ ಬರುವಾಗ ಪ್ಯಾಂಟಿನ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ, ಕೈಯಲ್ಲಿದ್ದ ಹಾಳೆಯಲ್ಲಿ ಮಾತ್ರ ಮುಂದಿನ ಬಸ್ಸಿಗೆ ಬೇಕಾದಷ್ಟು ತಿದ್ದುಪಡಿ ಇತ್ತು. ಬೆಸುಗೆಯವರು ಬಾಗಿಲಲ್ಲಿ ಗುಂಪು ಕಟ್ಟಿ ನಿಂತು ಎಲ್ಲವನ್ನೂ ನೋಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮಂಡಿಮೇಸ್ತ್ರಿಗೆ ತೆವಳುಮೇಸ್ತ್ರಿ ಎಂಬ ಹೊಸ ಹೆಸರು ಬಿದ್ದಾಗಿತ್ತು.

ಬೋಲ್ಟುಗಳನ್ನು ಒಳಕ್ಕೆ ತಿರುಗಿಸಿ ಟೋಪಿ ಹಾಕಿದರು. ಉದ್ದ ಕೊಳವೆ ಬಂದು ಕೂತಿತು. ಕೋಲನ್ನೇನು ಮಾಡುವುದೆಂದು ಯಾರೋ ಕೇಳಿದಾಗ ಮೇಸ್ತ್ರಿ ಅದನ್ನು ಇಳಿಸಿ, ಪಟಾಕಿಯ ಹೆಗಲಿನ ಮಟ್ಟಕ್ಕೆ ಅರದಿಂದ ಒಂದು ಗೀರು ಕೊರೆದು, ಮತ್ತೆ ಅದೇ ಮೊಳೆಗೆ ತೂಗುಹಾಕಿದ. ಕೊಳವೆಗೆ ಕೂಡ ಅವನು ಎರಡು ಕಡೆ ರೆಕ್ಸಿನ್ ಸುತ್ತಿಸಿದ, ಒಂದು ಗೀರಿನ ಎತ್ತರಕ್ಕೆ, ಇನ್ನೊಂದು ಕೋಲಿನ ತುದಿಯ ಎತ್ತರಕ್ಕೆ. ಹೊಲಿಗೆಯನ್ನು ಹೆಂಡತಿಯೇ ಬಂದು ಹಾಕಿಕೊಟ್ಟಳು. ಸರಿಯಾಗಿದೆಯೋ ಇಲ್ಲವೋ ಎಂದು ಅವನು ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ನೋಡಿದ. ಅದೆಲ್ಲ ಆದಮೇಲೆ ಬಾಗಿಲಿನ ಮೂಲೆಯಲ್ಲಿ ಮೊಳೆಯಿಂದ ಸರಿ ಗುರುತು ಗೀರಿದ. ಬೇರೆಲ್ಲ ಬಸ್ಸುಗಳಿಗಿಂತ ಅದು ತುಸು ದೊಡ್ಡದಾಯಿತೆಂದು ಅವನಿಗೇ ಅನ್ನಿಸಿತು.

ಶಾಲೆಯ ಮೊದಲ ದಿನ ರಸ್ತೆಯ ತಿರುವಿನಲ್ಲಿ ಮನೆಮಂದಿಯೆಲ್ಲ ನಿಂತಿದ್ದರು. ಮೇಸ್ತ್ರಿ, ಹೆಂಡತಿ, ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಬಂದ ಮಗಳು, ಮೊಣಕಾಲು ಮುಟ್ಟುವ ಚೀಲ ಹೊತ್ತ ಪಟಾಕಿ. ಹಳದಿ ಬಸ್ಸು ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತಿತು. ಆಯಾ ಎತ್ತಿಕೊಳ್ಳಲೆಂದು ಕೈ ಚಾಚಿದಳು. ಪಟಾಕಿ ಆ ಕೈಯನ್ನು ನೋಡಲೂ ಇಲ್ಲ. ಕೊಳವೆಯ ಕೆಳಗಿನ ರೆಕ್ಸಿನ್ನನ್ನು ಗಪ್ಪನೆ ಹಿಡಿದು, ಒಂದು, ಎರಡು ಎಂದು ತಾನೇ ಎಣಿಸುತ್ತ ಹತ್ತಿ, ಅಂದು ತಾನು ಗೂಡು ಕಂಡಿದ್ದ ಕಿಟಕಿಯ ಪಕ್ಕದ ಸೀಟಿಗೆ ಓಡಿದಳು. ತಿರುಗಿ ನೋಡಬೇಕೆಂಬ ನೆನಪೇ ಅವಳಿಗಿರಲಿಲ್ಲ.

ಮಗಳು ಬಾಗಿಲಿನ ಹತ್ತಿರ ಬಂದಳು, ಮಗುವಿಗೆ ಏನೋ ಹೇಳುವುದಕ್ಕೆ. ಅವಳ ಕೈ ಕೊಳವೆಯ ಮೇಲಿನ ರೆಕ್ಸಿನ್ನನ್ನು ಹಿಡಿದು ಅಲ್ಲಿಯೇ ನಿಂತಿತು. ಈಗ ಅದು ಅವಳ ಸೊಂಟದ ಎತ್ತರಕ್ಕಿತ್ತು. ಅವಳು ಹೆಬ್ಬೆರಳಿನಿಂದ ಅಮ್ಮನ ಹೊಲಿಗೆಯನ್ನು ಸವರಿದಳು.

"ಅಪ್ಪಾ, ಇದು ನಂದು ಅಲ್ವಾ?"

"ಹೂಂ. ಮೇಲಿಂದು ನಿಂದು."

ಅವಳು ಕೈ ತೆಗೆಯಲಿಲ್ಲ. ಒಳಗೆ ಮಕ್ಕಳೆಲ್ಲ ಒಟ್ಟಿಗೇ ಕಿರುಚುತ್ತಿದ್ದರು. ಡ್ರೈವರು ಕನ್ನಡಿಯಲ್ಲಿ ನೋಡಿದ, ಆಮೇಲೆ ಬಾಗಿಲ ಕಡೆಗೆ ತಲೆ ಹೊರಳಿಸಿದ.

"ಅಮ್ಮಾ, ಹತ್ತೋದಾದ್ರೆ ಹತ್ತಿ. ಇಲ್ಲಾಂದ್ರೆ ಕೈ ಬಿಡಿ, ಬಾಗ್ಲು ಹಾಕ್ಬೇಕು."

ಎಲ್ಲರೂ ನಕ್ಕರು. ಮಗಳೂ ನಕ್ಕು, ಕಣ್ಣೊರೆಸಿಕೊಂಡು, ಕೈ ಬಿಟ್ಟಳು.